ಕಚೇರಿಯ ಗಣಕಯಂತ್ರವು ಕೈ ಬದಲಾಗುವಾಗ ಪಾಲಿಸತಕ್ಕ ಕ್ರಮಗಳು

ಪ್ರತಿ ವರ್ಷವೂ ಕಾರ್ತಿಕ ಮಾಸದ ಕಡೆಯ ಸೋಮವಾರದಂದು ಬೆಂಗಳೂರಿನ ಬಸವನಗುಡಿಯಲ್ಲಿ ನೆರೆಯುವ ಕಡಲೆಕಾಯಿ ಪರಿಷೆಗೆ ಬರುವ ರೈತ ಮಹಾಶಯರು, ದೊಡ್ಡ ಬಸವಣ್ಣನ ದರ್ಶನವನ್ನು ಮಾಡಿಕೊಂಡು ಊರಿಗೆ ಹಿಂದಿರುಗುವ ಮುನ್ನ ನೆರೆಯ ಚಾಮರಾಜಪೇಟೆಯ ಕಡೆಗೆ ನಡೆದರೆ, ಅಲ್ಲಿನ ಪಂಪಮಹಾಕವಿ ರಸ್ತೆಯಲ್ಲಿ ಎರಡು ಸಂಸ್ಥೆಗಳನ್ನು ಕಾಣುವರು. ಒಂದು ಕನ್ನಡ ಸಾಹಿತ್ಯ ಪರಿಷತ್ತು. ಮತ್ತೊಂದು ಕರ್ನಾಟಕ ರಾಜ್ಯ ಸಹಕಾರ ಅಪೆಕ್ಸ್ ಬ್ಯಾಂಕು. ಎರಡೂ 1915ನೆಯ ಇಸವಿಯಲ್ಲಿಯೇ ಸ್ಥಾಪಿತವಾದವು. ಮೊದಲನೆಯದು ನಮ್ಮ ಅಕ್ಷರವನ್ನೂ ಎರಡನೆಯದು ನಮ್ಮ ಬೇಸಾಯದ ಸಾಲವನ್ನೂ ನೋಡಿಕೊಳ್ಳತಕ್ಕವು. ಅಪೆಕ್ಸ್ ಬ್ಯಾಂಕಿನ ಕೆಳಗೆ ಜಿಲ್ಲಾ ಕೇಂದ್ರ ಸಹಕಾರ ಬ್ಯಾಂಕುಗಳೂ, ಅವುಗಳ ಕೆಳಗೆ ಗ್ರಾಮಗಳ ಪ್ರಾಥಮಿಕ ಕೃಷಿ ಪತ್ತಿನ ಸಹಕಾರ ಸಂಘಗಳೂ ಇರುವುದನ್ನು ವಾಚಕರು ಬಲ್ಲರು.

ಈ ಎರಡು ಸಂಸ್ಥೆಗಳನ್ನು ಇಲ್ಲಿ ಸ್ಮರಿಸುವುದಕ್ಕೆ ಕಾರಣವುಂಟು. ಇಂದು ಗ್ರಾಮದ ಸಂಘದ ಮೇಜಿನ ಮೇಲೆ ಕುಳಿತಿರುವ, ಜನರು ಕಂಪ್ಯೂಟರ್ ಎಂದೇ ಕರೆಯುವ ಗಣಕಯಂತ್ರದೊಳಗೆ ಅಡಗಿರುವುದು ಈ ಎರಡೇ: ಸದಸ್ಯರ ಲೆಕ್ಕ, ಮತ್ತು ಆ ಲೆಕ್ಕಕ್ಕೆ ಸಂಬಂಧಪಟ್ಟ ಕನ್ನಡದ ಕಾಗದಪತ್ರ. ಸಂಘದ ಕಾರ್ಯದರ್ಶಿಯು ವಯಸ್ಸಾಗಿ ನಿವೃತ್ತನಾದಾಗ, ಅಥವಾ ಬೇರೆ ಕಡೆಗೆ ಹೋದಾಗ, ಆ ಯಂತ್ರವು ಹೊಸಬನ ಕೈಗೆ ಬರುತ್ತದೆ. ಆ ಒಂದೆರಡು ದಿನಗಳಲ್ಲಿ ಅಜಾಗರೂಕತೆಯಿಂದ ನಡೆಯುವ ತಪ್ಪು ವರ್ಷಗಟ್ಟಲೆ ರೈತರನ್ನು ಕಾಡುವುದುಂಟು. ಸಂಘದ ಅಧ್ಯಕ್ಷರೂ ನಿರ್ದೇಶಕರೂ ಬಹುಮಟ್ಟಿಗೆ ಈ ಪತ್ರಿಕೆಯ ವಾಚಕರಾದ ಗ್ರಾಮದ ಮುಖಂಡರೂ ಹಿಡುವಳಿದಾರರೂ ಆಗಿರುವುದರಿಂದ, ಈ ವಿಷಯವನ್ನು ಅವರ ಗಮನಕ್ಕೆ ತರುವುದು ಅವಶ್ಯವೆಂದು ತೋರಿತು.

ವಿಷಯದ ಮಹತ್ವ

ನಮ್ಮ ನಾಡಿನಲ್ಲಿ ಸಹಕಾರವು ಹೊಸದಲ್ಲ. ಗದಗಿನ ಸಮೀಪದ ಕಣಗಿನಹಾಳದಲ್ಲಿ 1905ರಲ್ಲಿಯೇ ಕೃಷಿ ಪತ್ತಿನ ಸಂಘವು ಹುಟ್ಟಿತು. ಅಂದಿನಿಂದ ಬಹುಕಾಲ ಸಂಘದ ಲೆಕ್ಕವು ಖಿರ್ದಿ ಖಾತೆಗಳ ದಪ್ಪ ಪುಸ್ತಕಗಳಲ್ಲಿಯೂ, ಆ ಪುಸ್ತಕಗಳು ಬೀಗ ಹಾಕಿದ ಕಬ್ಬಿಣದ ಪೆಟ್ಟಿಗೆಯಲ್ಲಿಯೂ ಇದ್ದವು. 2022ನೆಯ ಜೂನ್ ತಿಂಗಳಲ್ಲಿ ಕೇಂದ್ರ ಸರಕಾರದವರು, ಆರಂಭದಲ್ಲಿ 63,000 ಪ್ರಾಥಮಿಕ ಸಂಘಗಳನ್ನು ಗಣಕೀಕರಿಸುವುದಕ್ಕಾಗಿ 2,516 ಕೋಟಿ ರೂಪಾಯಿಗಳ ಯೋಜನೆಯೊಂದನ್ನು ಮಂಜೂರು ಮಾಡಿದರು. ಇದರ ಉದ್ದೇಶವು ಎಲ್ಲ ಸಂಘಗಳ ಲೆಕ್ಕವನ್ನೂ ಒಂದೇ ಬಗೆಯ ತಂತ್ರಾಂಶಕ್ಕೆ ತಂದು, ಮೇಲಿನ ಬ್ಯಾಂಕುಗಳೊಡನೆ ಜೋಡಿಸುವುದಾಗಿದೆ.

ಲೆಕ್ಕವು ಸಕಾಲದಲ್ಲಿ ಏರದಿದ್ದರೆ ನಷ್ಟವು ಯಾರಿಗೆಂಬುದನ್ನು ಒಂದು ಉದಾಹರಣೆಯಿಂದ ತಿಳಿಯಬಹುದು. ರಾಜ್ಯದ 2023-24ನೆಯ ಸಾಲಿನ ಆಯವ್ಯಯದಲ್ಲಿ, ಬಡ್ಡಿಯಿಲ್ಲದ ಅಲ್ಪಾವಧಿ ಬೆಳೆಸಾಲದ ಮಿತಿಯನ್ನು 3 ಲಕ್ಷದಿಂದ 5 ಲಕ್ಷ ರೂಪಾಯಿಗಳಿಗೆ ಏರಿಸಿದರು. ಈ ಸೌಲಭ್ಯವು ಗಡುವಿನೊಳಗೆ ಸಾಲವನ್ನು ತೀರಿಸಿದವರಿಗೆ ಸಲ್ಲತಕ್ಕದ್ದು. ರೈತನು ಗಡುವಿನ ಕಡೆಯ ದಿನ ಹಣವನ್ನು ತಂದು ಮೇಜಿನ ಮೇಲಿಟ್ಟನೆನ್ನಿ. ಹಳೆಯ ಕಾರ್ಯದರ್ಶಿ ಹೋಗಿರುವನು, ಹೊಸಬನ ಹೆಸರಿನಲ್ಲಿ ಇನ್ನೂ ಲಾಗಿನ್ ಬಂದಿಲ್ಲ, ಯಂತ್ರವು ತೆರೆಯದು. ಹಣವು ಸಂಘಕ್ಕೆ ಸೇರಿದರೂ ತಾರೀಖು ದಾಟಿಹೋಗುವುದು. ತಪ್ಪು ರೈತನದಲ್ಲ, ಬಡ್ಡಿಯ ಭಯ ಮಾತ್ರ ಅವನದು.

ಮೂರು ವಸ್ತುಗಳು

ಗಣಕಯಂತ್ರವನ್ನು ವಹಿಸಿಕೊಡುವುದೆಂದರೆ ಒಂದು ಪೆಟ್ಟಿಗೆಯನ್ನು ವಹಿಸಿಕೊಡುವುದೆಂದು ಅನೇಕರು ಭಾವಿಸಿರುವರು. ವಾಸ್ತವದಲ್ಲಿ ಅಲ್ಲಿ ಕೈ ಬದಲಾಗುವುದು ಮೂರು ವಸ್ತುಗಳು, ಮತ್ತು ಅವುಗಳ ಧರ್ಮ ಬೇರೆ ಬೇರೆ.

ಮೊದಲನೆಯದು ಯಂತ್ರ. ಅದು ಸಂಘದ ಸ್ವತ್ತು. ಕುರ್ಚಿ ಮೇಜುಗಳಂತೆ ಹೊಸಬನಿಗೆ ಹೋಗಬೇಕು. ಎರಡನೆಯದು ಅದರೊಳಗಿನ ಕಾಗದಪತ್ರ. ಅದೂ ಸಂಘದ ಸ್ವತ್ತು; ಒಂದು ಹಾಳೆಯೂ ಕಳೆಯದಂತೆ ಹೊಸಬನಿಗೆ ಹೋಗಬೇಕು. ಮೂರನೆಯದು ಆ ಯಂತ್ರದ ಮೂಲಕ ಲೆಕ್ಕವನ್ನು ಬರೆಯುವ ಅಧಿಕಾರ, ಅಂದರೆ ಲಾಗಿನ್ ಹೆಸರು, ಪಾಸ್‌ವರ್ಡ್, ಬೆರಳಚ್ಚು, ಡಿಜಿಟಲ್ ಸಹಿ. ಇದು ವ್ಯಕ್ತಿಗೆ ಸೇರಿದ್ದು, ಹೊಸಬನಿಗೆ ಹೋಗಲೇಕೂಡದು. ಹಳಬನ ಅಧಿಕಾರವು ಅವನೊಡನೆಯೇ ಮುಗಿದು, ಹೊಸಬನಿಗೆ ಅವನ ಸ್ವಂತ ಹೆಸರಿನಲ್ಲಿ ಹೊಸದಾಗಿ ಹುಟ್ಟಬೇಕು.

ಮೊದಲೆರಡನ್ನು ಉಳಿಸಿ ಮೂರನೆಯದನ್ನು ಮುಗಿಸಬೇಕೆಂಬುದೇ ಈ ಲೇಖನದ ಸಾರ. ನಮ್ಮ ಕಚೇರಿಗಳಲ್ಲಿ ಬಹಳಮಟ್ಟಿಗೆ ನಡೆಯುತ್ತಿರುವುದು ಇದಕ್ಕೆ ವಿರುದ್ಧ: ಕಾಗದಪತ್ರವನ್ನು ಅಳಿಸಿಬಿಡುತ್ತಾರೆ, ಪಾಸ್‌ವರ್ಡನ್ನು ಉಳಿಸಿಕೊಳ್ಳುತ್ತಾರೆ.

ಹಿಂದಿನ ಅನುಭವ

ದಫ್ತರವು ಕೈ ಬದಲಾಗುವ ಕಷ್ಟವನ್ನು ನಮ್ಮ ಗ್ರಾಮಗಳು ಹಿಂದೆಯೂ ಕಂಡಿವೆ. ವಂಶಪಾರಂಪರ್ಯವಾಗಿ ಬಂದ ಪಟೇಲ ಶಾನುಭೋಗರ ಹುದ್ದೆಗಳು 1961ರ ಗ್ರಾಮ ಹುದ್ದೆಗಳ ರದ್ದಿಯಾತಿ ಅಧಿನಿಯಮದ ಮೂಲಕ 1963ನೆಯ ಫೆಬ್ರವರಿ 1ರಿಂದ ಕೊನೆಗೊಂಡವು. ಅದುವರೆಗೆ ತಂದೆಯಿಂದ ಮಗನಿಗೆ ಮನೆಯೊಳಗೇ ಹೋಗುತ್ತಿದ್ದ ಲೆಕ್ಕವು, ಸರಕಾರದಿಂದ ನೇಮಕವಾಗಿ ಬಂದ ಗ್ರಾಮಲೆಕ್ಕಿಗರ ವಶಕ್ಕೆ ಬಂದಿತು. ಅಕ್ಷರವನ್ನು ನೋಡಿದೊಡನೆ ಇದು ಇಂಥವರ ಬರಹವೆಂದು ಊರಿನ ಹಿರಿಯರು ಹೇಳಬಲ್ಲವರಾಗಿದ್ದರು. ಶಾಯಿಯ ಬರಹಕ್ಕೆ ಆ ಗುಣವಿತ್ತು: ಬರೆದವನನ್ನು ಅದು ತಾನೇ ತೋರಿಸಿಕೊಡುತ್ತಿತ್ತು. ಗಣಕಯಂತ್ರದ ಅಕ್ಷರಕ್ಕೆ ಆ ಗುಣವಿಲ್ಲ. ಯಾರು ಒತ್ತಿದರೂ ‘ಅ’ ಎಂಬುದು ಒಂದೇ ‘ಅ’.

ಈ ಕೊರತೆಯನ್ನು ಮನಗಂಡೇ, 2001ರ ಹೊತ್ತಿಗೆ ನಮ್ಮ ರಾಜ್ಯದ ತಾಲ್ಲೂಕು ಕಚೇರಿಗಳಲ್ಲಿ ಪಹಣಿಗಳನ್ನು ಗಣಕಕ್ಕೆ ಏರಿಸಿದ ‘ಭೂಮಿ’ ಯೋಜನೆಯಲ್ಲಿ ಒಂದು ಏರ್ಪಾಡನ್ನು ಮಾಡಲಾಯಿತು. ಸುಮಾರು 67 ಲಕ್ಷ ರೈತರಿಗೆ ಸೇರಿದ ಸುಮಾರು 2 ಕೋಟಿ ಪಹಣಿಗಳು ಆಗ ಗಣಕಕ್ಕೆ ಬಂದವು. ಅಂಥ ದಾಖಲೆಯಲ್ಲಿ ಕೈಯಿಡುವ ನೌಕರನು ಕೇವಲ ಗುಪ್ತಪದವನ್ನು ಹೇಳಿದರೆ ಸಾಲದು. ತನ್ನ ಬೆರಳಿನ ಗುರುತನ್ನು ಯಂತ್ರಕ್ಕೆ ಕೊಡಬೇಕು. ಮಾಡಿದ ಬದಲಾವಣೆಯು ಅವನ ಹೆಸರಿಗೆ ಅಂಟಿಕೊಳ್ಳುವುದು. ನಾನು ಮಾಡಲಿಲ್ಲವೆಂದು ಅವನು ಮುಂದೆ ಹೇಳಲಾರನು. ಗುಪ್ತಪದವನ್ನು ಪಕ್ಕದವನಿಗೆ ಹೇಳಿಕೊಡಬಹುದು. ಬೆರಳನ್ನು ಕೊಟ್ಟುಹೋಗಲು ಬರುವುದಿಲ್ಲ. ಈ ತತ್ತ್ವವನ್ನೇ ಸಂಘದ ಯಂತ್ರಕ್ಕೂ, ಹೋಬಳಿಯ ರೈತ ಸಂಪರ್ಕ ಕೇಂದ್ರದ ಯಂತ್ರಕ್ಕೂ, ಪಂಚಾಯಿತಿಯ ಯಂತ್ರಕ್ಕೂ ಅನ್ವಯಿಸಿಕೊಳ್ಳಬೇಕು.

ಕಂಡ ಒಂದು ಸಂಗತಿ

ಬಸವನಗುಡಿಯ ಕಚೇರಿಯೊಂದರಲ್ಲಿ ಈ ಲೇಖಕನು ಕಂಡುದನ್ನು ಹೇಳುವುದು ಅಪ್ರಸ್ತುತವಾಗಲಾರದು. ಬಹುಕಾಲ ನಿಷ್ಠೆಯಿಂದ ದುಡಿದ ಗುಮಾಸ್ತರೊಬ್ಬರು ನಿವೃತ್ತರಾದರು. ಹಾರ, ಫಲತಾಂಬೂಲ, ಭಾವಚಿತ್ರ ಎಲ್ಲವೂ ಕ್ರಮವಾಗಿ ಜರುಗಿದವು. ಯಂತ್ರದ ವಿಷಯವನ್ನು ಮಾತ್ರ ಯಾರೂ ಎತ್ತಲಿಲ್ಲ. ಸೋಮವಾರ ಬಂದ ಹೊಸ ಯುವಕನು ಕೀಲಿಮಣೆಯ ಅಡಿಯಲ್ಲಿ ಅಂಟಿಸಿದ್ದ ಚೀಟಿಯನ್ನು ನೋಡಿ, ಹಳಬರ ಹೆಸರಿನಲ್ಲಿಯೇ ಕೆಲಸವನ್ನು ಪ್ರಾರಂಭಿಸಿದನು. ಅವನಲ್ಲಿ ಕಪಟವಿರಲಿಲ್ಲ, ಹಾಗೆ ಮಾಡಕೂಡದೆಂದು ಹೇಳಿದವರಿರಲಿಲ್ಲ.

ಕೆಲವು ತಿಂಗಳುಗಳ ತರುವಾಯ ಅರ್ಜಿಯೊಂದರ ವಿಷಯದಲ್ಲಿ ತಕರಾರು ಹುಟ್ಟಿತು. ಯಂತ್ರವನ್ನು ವಿಚಾರಿಸಲಾಗಿ, ಅದನ್ನು ಅನುಮೋದಿಸಿದವರು ನಿವೃತ್ತ ಗುಮಾಸ್ತರೆಂದೇ ಅದು ಹೇಳಿತು. ಆ ವೃದ್ಧರು ಕೊಡೆಯನ್ನು ಊರಿಕೊಂಡು ಕಚೇರಿಗೆ ಬಂದು, ಆ ದಿನ ತಾವು ಇಲ್ಲಿ ಇರಲೇ ಇಲ್ಲವೆಂದು ತಮ್ಮ ಕಿರಿಯರ ಮುಂದೆ ನಿಂತು ಸಮಜಾಯಿಷಿ ಕೊಡಬೇಕಾಯಿತು. ಅವರ ಕಾಲದ ಪತ್ರಗಳನ್ನು ತೆರೆದು ನೋಡೋಣವೆಂದರೆ, ಯಂತ್ರವು ನಿಧಾನವಾಯಿತೆಂದು ಯಾರೋ ಅದನ್ನು ಫಾರ್ಮ್ಯಾಟ್ ಮಾಡಿಸಿದ್ದರು. ಪೆನ್‌ಡ್ರೈವೊಂದರಲ್ಲಿ ಉಳಿದಿದ್ದ ಪ್ರತಿಗಳನ್ನು ತೆರೆದರೆ, ಕನ್ನಡವಿರಬೇಕಾದಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ ಕಂಡಿತು. ಕಳ್ಳತನವೇನೂ ನಡೆದಿರಲಿಲ್ಲ. ಆದರೂ ನಿರಪರಾಧಿಯೊಬ್ಬರು ತಲೆ ತಗ್ಗಿಸಿ ನಿಲ್ಲಬೇಕಾಯಿತು. ಅರ್ಜಿದಾರನ ಕೆಲಸವು ನಿಂತೇ ಹೋಯಿತು.

ಕ್ರಮಗಳು

ಇಂಥ ತೊಂದರೆಯು ಬಾರದಂತೆ ಅಧ್ಯಕ್ಷರು ಈ ಕೆಳಗಿನ ಕ್ರಮಗಳನ್ನು, ಇದೇ ಅನುಕ್ರಮದಲ್ಲಿ, ತಮ್ಮ ಸಮಕ್ಷಮದಲ್ಲಿ ನಡೆಯಿಸುವುದು ಉಚಿತ.

1. ಹೊಸಬನ ಲಾಗಿನ್ನಿಗೆ ಮುಂಚಿತವಾಗಿ ಬರೆದುಕೊಳ್ಳುವುದು. ಹಳಬನು ಬಿಡುವ ದಿನವು ಸಾಧಾರಣವಾಗಿ ಮೊದಲೇ ಗೊತ್ತಿರುವುದು. ಮೇಲಿನ ಕಚೇರಿಗೆ ಆಗಲೇ ಪತ್ರವನ್ನು ಬರೆದು, ಹೊಸಬನ ಹೆಸರಿನಲ್ಲಿ ಅಧಿಕಾರವನ್ನು ಪಡೆಯಬೇಕು. ಮಳೆ ಬಿದ್ದ ಮೇಲೆ ನೇಗಿಲನ್ನು ಹುಡುಕುವ ರೈತನ ಪಾಡು ಸಂಘಕ್ಕೆ ಬರಕೂಡದು.

2. ಕಾಗದಪತ್ರಗಳ ಪ್ರತಿ ತೆಗೆಯುವುದು. ತಂತ್ರಾಂಶದಲ್ಲಿ ಏರಿಸಿದ ಲೆಕ್ಕವು ದೂರದ ಭಂಡಾರದಲ್ಲಿ ಇರಬಹುದು. ಆದರೆ ಸಭೆಯ ನಡವಳಿ, ನೋಟೀಸು, ಗೊಬ್ಬರದ ದಾಸ್ತಾನು, ಸದಸ್ಯರ ಅರ್ಜಿ ಮೊದಲಾದವು ಬಹಳಮಟ್ಟಿಗೆ ಆ ಯಂತ್ರದ ಹೊಟ್ಟೆಯಲ್ಲಿಯೇ ಇರುತ್ತವೆ. ಇವುಗಳ ಎರಡು ಪ್ರತಿಗಳನ್ನು ಬೇರೆ ಬೇರೆ ಸಾಧನಗಳಲ್ಲಿ ತೆಗೆದು, ಒಂದನ್ನು ಸಂಘದ ಕಬ್ಬಿಣದ ಪೆಟ್ಟಿಗೆಯಲ್ಲಿಯೂ ಇನ್ನೊಂದನ್ನು ಬೇರೆ ಕಟ್ಟಡದಲ್ಲಿಯೂ ಇರಿಸಬೇಕು. ಬಿತ್ತನೆಯ ಬೀಜವನ್ನು ತೆಗೆದಿರಿಸದೆ ಕಣವನ್ನು ಗುಡಿಸುವ ರೈತನುಂಟೇ? ಪ್ರತಿ ತೆಗೆಯದೆ ಯಂತ್ರವನ್ನು ಅಳಿಸುವುದೂ ಅಂಥದೇ ಕೆಲಸ.

3. ಆ ಪ್ರತಿಗಳನ್ನು ಬೇರೊಂದು ಯಂತ್ರದಲ್ಲಿ ತೆರೆದು ಓದಿ ನೋಡುವುದು. ಕನ್ನಡದ ಪತ್ರಗಳಿಗೆ ಇದು ಅತ್ಯಾವಶ್ಯಕ. ಹಿಂದಿನ ‘ನುಡಿ’, ‘ಬರಹ’ ಮೊದಲಾದ ತಂತ್ರಾಂಶಗಳಲ್ಲಿ ಸಿದ್ಧಪಡಿಸಿದ ಅನೇಕ ಪತ್ರಗಳಲ್ಲಿ, ಕನ್ನಡದ ಅಕ್ಷರಗಳನ್ನು ಇಂಗ್ಲಿಷ್ ಅಕ್ಷರಗಳ ಮನೆಗಳಲ್ಲಿ ಕೂಡಿಸಿಟ್ಟಿರುತ್ತಾರೆ. ಆಯಾ ಅಕ್ಷರಮಾಲೆಯು ಯಂತ್ರದಲ್ಲಿ ಇರುವವರೆಗೆ ಕನ್ನಡವು ಕಾಣುವುದು. ಅದು ಇಲ್ಲದ ಯಂತ್ರದಲ್ಲಿ ಬರಿಯ ಗೊಂದಲ ಕಾಣುವುದು. ಯೂನಿಕೋಡ್ ಎಂಬ ಏರ್ಪಾಡಿನಲ್ಲಿ ಮಾತ್ರ ಕನ್ನಡದ ಪ್ರತಿಯೊಂದು ಅಕ್ಷರಕ್ಕೂ ಜಗತ್ತಿನ ಎಲ್ಲ ಯಂತ್ರಗಳೂ ಒಪ್ಪಿದ ಸ್ವಂತ ಸಂಖ್ಯೆಯಿರುವುದು. ಆದ್ದರಿಂದ ಹಳೆಯ ಪತ್ರಗಳನ್ನು ಪರಿವರ್ತಕ ತಂತ್ರಾಂಶದ ಸಹಾಯದಿಂದ ಯೂನಿಕೋಡಿಗೆ ಬದಲಾಯಿಸಬೇಕು. ಬದಲಾಯಿಸಿದ ಮೇಲೆ ಒತ್ತಕ್ಷರಗಳೂ ಅಂಕಿಗಳೂ ಸರಿಯಾಗಿವೆಯೇ ಎಂದು ಕಣ್ಣಿನಿಂದ ಓದಿ ನೋಡಬೇಕು. ಮುಖ್ಯವಾದವುಗಳನ್ನು ಕಾಗದದ ಮೇಲೆ ಅಚ್ಚು ಹಾಕಿಸಿಡುವುದು ಇನ್ನೂ ಉತ್ತಮ.

4. ಮೊಬೈಲ್ ಸಂಖ್ಯೆಯನ್ನು ಬದಲಾಯಿಸುವುದು. ಇದನ್ನು ಮರೆಯುವವರೇ ಹೆಚ್ಚು. ಸಂಘದ ಖಾತೆಗಳಿಗೂ ಇ-ಮೇಲ್ ವಿಳಾಸಕ್ಕೂ ಹಳಬನು ತನ್ನ ಸ್ವಂತ ಮೊಬೈಲ್ ಸಂಖ್ಯೆಯನ್ನು ಕೊಟ್ಟಿದ್ದರೆ, ಒ.ಟಿ.ಪಿ. ಎಂಬ ತತ್ಕಾಲದ ಗುಪ್ತಸಂಖ್ಯೆಯು ಅವನು ಊರು ಬಿಟ್ಟ ಮೇಲೂ ಅವನ ಜೇಬಿಗೇ ಹೋಗುವುದು. ಅವನು ಆ ಸಂಖ್ಯೆಯನ್ನೇ ಕೈಬಿಟ್ಟರೆ, ಕಾಲಾನಂತರ ಅದು ಅಪರಿಚಿತನೊಬ್ಬನಿಗೆ ಸಲ್ಲಬಹುದು. ಅವನು ಹೊರಡುವುದಕ್ಕೆ ಮುಂಚೆ, ಅವನ ಎದುರಿನಲ್ಲಿಯೇ ಈ ಬದಲಾವಣೆಯನ್ನು ಮುಗಿಸತಕ್ಕದ್ದು. ಸಂಘದ ಹೆಸರಿನಲ್ಲಿಯೇ ಒಂದು ಸಂಖ್ಯೆಯನ್ನು ಪಡೆದಿರುವುದು ಶಾಶ್ವತವಾದ ಪರಿಹಾರ.

5. ಹಳಬನ ಅಧಿಕಾರವನ್ನು ಮುಗಿಸುವುದು. ಅವನ ಲಾಗಿನ್ನನ್ನು ಮೇಲಿನ ಕಚೇರಿಯ ಮೂಲಕ ರದ್ದುಗೊಳಿಸಬೇಕು. ಡಿಜಿಟಲ್ ಸಹಿಯ ಸಾಧನವು ವ್ಯಕ್ತಿಯ ಹೆಸರಿಗೆ ಕೊಡಲ್ಪಟ್ಟದ್ದು; ಅದನ್ನು ಹೊಸಬನಿಗೆ ಕೊಟ್ಟುಹೋಗುವುದು ರುಜು ಮಾಡಿದ ಖಾಲಿ ಕಾಗದವನ್ನು ಕೊಟ್ಟುಹೋದಂತೆ. ಜಾಲವನ್ನು ನೋಡುವ ತಂತ್ರಾಂಶದಲ್ಲಿ ಉಳಿದುಕೊಂಡಿರುವ ಪಾಸ್‌ವರ್ಡುಗಳನ್ನೂ ಅಳಿಸಬೇಕು.

6. ಯಂತ್ರವನ್ನು ಶುದ್ಧಗೊಳಿಸಿ, ಹೊಸಬನಿಗೆ ಹೊಸ ಖಾತೆಯನ್ನು ತೆರೆಯುವುದು. ಹಳಬನ ಖಾತೆಯ ಹೆಸರನ್ನು ಮಾತ್ರ ತಿದ್ದಿ ಕೆಲಸವಾಯಿತೆನ್ನುವುದು ಸರಿಯಲ್ಲ. ವಿಂಡೋಸ್ ಯಂತ್ರಗಳಲ್ಲಿ ಹಾಗೆ ತಿದ್ದಿದರೂ ಒಳಗಿನ ಕಡತಕೋಶವು ಹಳೆಯ ಹೆಸರಿನಲ್ಲಿಯೇ ಉಳಿದು, ಹಳಬನ ಖಾಸಗಿ ಪತ್ರಗಳೂ ಗುಪ್ತಪದಗಳೂ ಹೊಸಬನಿಗೆ ತೆರೆದೇ ಇರುವುವು. ಮೇಲಿನ ಐದು ಕ್ರಮಗಳು ಮುಗಿದ ಬಳಿಕ ಯಂತ್ರವನ್ನು ಸಂಪೂರ್ಣವಾಗಿ ಮೊದಲಿನ ಸ್ಥಿತಿಗೆ ತರುವುದು ಒಳ್ಳೆಯದು. ಕಡತವನ್ನು ಸಾಧಾರಣವಾಗಿ ಅಳಿಸಿದಾಗ ಅದು ಕಣ್ಣಿಗೆ ಮರೆಯಾದರೂ, ಬಲ್ಲವರು ಅದನ್ನು ಮತ್ತೆ ತೆಗೆಯುವುದುಂಟೆಂದು ನೆನಪಿಡಬೇಕು. ಹೊಸಬನಿಗೆ ದಿನದ ಕೆಲಸಕ್ಕೆ ಬೇಕಾದ ಸಾಮಾನ್ಯ ಖಾತೆಯನ್ನು ಕೊಟ್ಟು, ಇಡೀ ಯಂತ್ರದ ಮೇಲಣ ಅಧಿಕಾರದ ಪಾಸ್‌ವರ್ಡನ್ನು ಮೊಹರು ಮಾಡಿದ ಲಕೋಟೆಯಲ್ಲಿ ಅಧ್ಯಕ್ಷರು ಇಟ್ಟುಕೊಳ್ಳಬೇಕು.

7. ಯಂತ್ರದ ಯೋಗ್ಯತೆಯನ್ನು ಪರೀಕ್ಷಿಸುವುದು. ವಿಂಡೋಸ್ 10 ಎಂಬ ತಂತ್ರಾಂಶಕ್ಕೆ ಮೈಕ್ರೋಸಾಫ್ಟ್ ಕಂಪೆನಿಯವರು ಕೊಡುತ್ತಿದ್ದ ಸಾಮಾನ್ಯ ರಕ್ಷಣಾ ಪರಿಷ್ಕರಣಗಳು 2025ನೆಯ ಅಕ್ಟೋಬರ್ 14ರಂದು ಕೊನೆಗೊಂಡವು. ಹಳೆಯ ಯಂತ್ರಗಳಲ್ಲಿ ಅನೇಕವು ಮುಂದಿನ ವಿಂಡೋಸ್ 11ಕ್ಕೆ ಒಗ್ಗುವುದಿಲ್ಲ. ಬೇಲಿ ಬಿದ್ದ ತೋಟವನ್ನು ಹೊಸ ಕಾವಲುಗಾರನಿಗೆ ವಹಿಸಿ ಪ್ರಯೋಜನವಿಲ್ಲ. ಯಂತ್ರವನ್ನು ಬಿಡಲೇಬೇಕಾದರೆ, ಅದರ ಸ್ಮರಣಫಲಕವನ್ನು ತೆಗೆದಿಟ್ಟುಕೊಳ್ಳದೆ ಗುಜರಿಯವನಿಗೆ ಹಾಕಕೂಡದು.

8. ಚಾರ್ಜು ಪಟ್ಟಿಗೆ ರುಜು ಹಾಕಿಸುವುದು. ‘ಕೊಟ್ಟವನು ಕೋಡಂಗಿ, ಈಸಿಕೊಂಡವನು ಈರಭದ್ರ’ ಎಂಬ ಗಾದೆಯು ಬರಹವಿಲ್ಲದ ವ್ಯವಹಾರದಿಂದ ಹುಟ್ಟಿದ್ದು. ಪಟ್ಟಿಯಲ್ಲಿ ಯಂತ್ರದ ಸಂಖ್ಯೆ, ಅದರೊಡನೆ ಇರುವ ಉಪಕರಣಗಳು, ಪ್ರತಿ ತೆಗೆದ ಕಾಗದಪತ್ರಗಳ ವಿವರ ಮತ್ತು ಇಟ್ಟ ಸ್ಥಳ, ಹಳಬನ ಲಾಗಿನ್ ಮುಗಿದ ತಾರೀಖು ಮತ್ತು ಗಂಟೆ, ಹೊಸಬನದು ಪ್ರಾರಂಭವಾದ ತಾರೀಖು ಮತ್ತು ಗಂಟೆ ಇಷ್ಟೂ ಇರಬೇಕು. ಕೊಟ್ಟವನು, ತೆಗೆದುಕೊಂಡವನು, ಅಧ್ಯಕ್ಷರು ಮೂವರೂ ರುಜು ಹಾಕಿ, ಪ್ರತಿಯೊಬ್ಬರೂ ಒಂದೊಂದು ಪ್ರತಿಯನ್ನು ಇಟ್ಟುಕೊಳ್ಳತಕ್ಕದ್ದು. ಪಾಸ್‌ವರ್ಡನ್ನು ಮಾತ್ರ ಈ ಪಟ್ಟಿಯಲ್ಲಿ ಬರೆಯಲೇಕೂಡದು.

ಕಾನೂನಿನ ದೃಷ್ಟಿ

ಇದು ಕೇವಲ ಶಿಸ್ತಿನ ಮಾತಲ್ಲ. 2000ದ ಮಾಹಿತಿ ತಂತ್ರಜ್ಞಾನ ಅಧಿನಿಯಮಕ್ಕೆ 2008ರ ತಿದ್ದುಪಡಿಯಿಂದ ಸೇರಿದ 66-ಸಿ ಪ್ರಕರಣದ ಮೇರೆಗೆ, ಇನ್ನೊಬ್ಬರ ಪಾಸ್‌ವರ್ಡನ್ನಾಗಲಿ ವಿದ್ಯುನ್ಮಾನ ಸಹಿಯನ್ನಾಗಲಿ ಕಪಟದಿಂದ ಬಳಸಿದವನಿಗೆ ಮೂರು ವರ್ಷಗಳವರೆಗೆ ಕಾರಾಗೃಹವಾಸವೂ, ಒಂದು ಲಕ್ಷ ರೂಪಾಯಿಗಳವರೆಗೆ ಜುಲ್ಮಾನೆಯೂ ಆಗಬಹುದು. ಕಪಟವಿಲ್ಲದೆ ಬಳಸಿದವನಿಗೆ ಶಿಕ್ಷೆಯಾಗದಿರಬಹುದು. ಆದರೆ ಕಪಟವಿರಲಿಲ್ಲವೆಂದು ತೋರಿಸುವ ಪೇಚಾಟವು ಅವನಿಗೆ ತಪ್ಪದು.

ಇನ್ನೊಂದು ಸಂಗತಿಯು ಹಿಡುವಳಿದಾರರಿಗೆ ನೇರವಾಗಿ ಸಂಬಂಧಿಸಿದುದು. 2024ನೆಯ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೆಯ ಪ್ರಕರಣದ ಪ್ರಕಾರ, ಗಣಕಯಂತ್ರದ ದಾಖಲೆಯನ್ನು ನ್ಯಾಯಸ್ಥಾನದಲ್ಲಿ ಸಾಕ್ಷ್ಯವಾಗಿ ಹಾಜರುಪಡಿಸುವಾಗ, ಆ ಯಂತ್ರದ ಅಥವಾ ಅದಕ್ಕೆ ಸಂಬಂಧಿಸಿದ ಕಾರ್ಯದ ಹೊಣೆಯುಳ್ಳವರೂ ತಜ್ಞರೊಬ್ಬರೂ ರುಜು ಮಾಡಿದ ಪ್ರಮಾಣಪತ್ರವಿರಬೇಕು. ಸಾಲ ತೀರಿತೆಂದು ರೈತನೂ, ತೀರಿಲ್ಲವೆಂದು ಇನ್ನೊಬ್ಬರೂ ವ್ಯಾಜ್ಯ ಹೂಡಿದಾಗ, ಆ ದಿನ ಯಂತ್ರವು ಯಾರ ವಶದಲ್ಲಿತ್ತೆಂಬುದೇ ತಿಳಿಯದಿದ್ದರೆ, ಪ್ರಮಾಣಪತ್ರಕ್ಕೆ ಧೈರ್ಯದಿಂದ ರುಜು ಹಾಕುವವರು ಯಾರು? ಚಾರ್ಜು ಪಟ್ಟಿಯ ಒಂದು ಹಾಳೆಯು ಆಗ ಬಹು ಬೆಲೆಯುಳ್ಳದ್ದಾಗುವುದು.

ಮುಖಂಡರಲ್ಲಿ ಅರಿಕೆ

ಗಣಕಯಂತ್ರದ ಕೆಲಸವು ಓದಿದ ಹುಡುಗರದು, ಅದು ತಮಗೆ ತಿಳಿಯದೆಂದು ಅನೇಕ ಹಿರಿಯರು ದೂರ ನಿಲ್ಲುವುದುಂಟು. ಆದರೆ ಮೇಲೆ ಹೇಳಿದ ಕ್ರಮಗಳಲ್ಲಿ ಯಂತ್ರಜ್ಞಾನವು ಬೇಕಾದುದು ಅಲ್ಪ, ಬೇಕಾದುದು ವಿವೇಕ. ಗೇಣಿಗೆ ಕೊಟ್ಟ ಜಮೀನನ್ನು ಹಿಂದಕ್ಕೆ ಪಡೆಯುವಾಗ ಬದುವನ್ನೂ ಬಾವಿಯನ್ನೂ ಮರಗಳನ್ನೂ ಎಣಿಸಿ ನೋಡಿಕೊಳ್ಳುವ ಹಿಡುವಳಿದಾರನಿಗೆ ಈ ವಿವೇಕವನ್ನು ಬೇರೆಯವರು ಕಲಿಸಬೇಕಾಗಿಲ್ಲ. ಅವನು ಕೇಳಬೇಕಾದ ಪ್ರಶ್ನೆಗಳು ಮೂರೇ: ಸಂಘದ ಕಾಗದಪತ್ರಗಳು ಎಲ್ಲಿವೆ, ಓದಲು ಬರುತ್ತವೆಯೇ? ಹಳಬನ ಹೆಸರು ಮುಚ್ಚಿತೇ? ಹೊಸಬನು ತನ್ನ ಹೆಸರಿನಲ್ಲಿಯೇ ಕೆಲಸ ಮಾಡುತ್ತಿರುವನೇ?

ಈ ಮೂರಕ್ಕೂ ತೃಪ್ತಿಕರವಾದ ಉತ್ತರ ದೊರೆಯುವವರೆಗೆ ಚಾರ್ಜು ಪಟ್ಟಿಗೆ ಅಧ್ಯಕ್ಷರು ರುಜು ಹಾಕಕೂಡದು. ಒಂದು ದಿನ ತಡವಾದರೂ ಚಿಂತೆಯಿಲ್ಲ. ನಿವೃತ್ತನಾದವನು ತನ್ನ ಹೆಸರಿಗೆ ಕಳಂಕ ತಗಲದಂತೆ ನೆಮ್ಮದಿಯಿಂದ ಮನೆಗೆ ಹೋಗಲಿ. ಹೊಸಬನು ತನ್ನ ಕೆಲಸಕ್ಕೆ ತಾನೇ ಹೊಣೆಯಾಗಿ ಕುಳಿತುಕೊಳ್ಳಲಿ. ಗಡುವಿನ ದಿನ ಹಣವನ್ನು ತಂದ ರೈತನ ಲೆಕ್ಕವು ಅದೇ ದಿನ, ಅವನು ಓದಬಲ್ಲ ಕನ್ನಡದಲ್ಲಿ ಏರಲಿ. ಮುಂದಿನ ಆಡಳಿತ ಮಂಡಲಿಯ ಸಭೆಯಲ್ಲಿ ಈ ಚಾರ್ಜು ಪಟ್ಟಿಯ ನಮೂನೆಯನ್ನು ಮಂಡಿಸಿ, ಠರಾವು ಮಾಡಿ, ನಡವಳಿ ಪುಸ್ತಕದಲ್ಲಿ ದಾಖಲು ಮಾಡಿಕೊಳ್ಳಬೇಕೆಂದು ಗ್ರಾಮದ ಮುಖಂಡರಲ್ಲಿಯೂ ಹಿಡುವಳಿದಾರ ಮಹಾಶಯರಲ್ಲಿಯೂ ಅರಿಕೆ ಮಾಡಿಕೊಳ್ಳುತ್ತೇವೆ.